ನೋಡಲು ಬಂದವನನ್ನೇ ನೋಡಿದ ಮನೆ

ದಕ್ಷಿಣ ಅಮೆರಿಕದ ಬಯಲುಗಳಲ್ಲಿ ಕುದುರೆಯೇರಿ ದನ ಕಾಯುವ ಗೌಚೊಗಳ ಬಗ್ಗೆ ಓದಬೇಕೆಂದರೆ ಎಲ್ಲರೂ ಕುದುರೆ, ಚಾಕು, ಕೊನೆಯಿಲ್ಲದ ಹುಲ್ಲುಗಾವಲು ತುಂಬಿದ ಪುಸ್ತಕಗಳನ್ನೇ ಹೇಳುತ್ತಾರೆ. ನನ್ನನ್ನು ಕೇಳಿದರೆ ಮೊದಲು ಅರ್ಜೆಂಟೀನಾದ ಲೇಖಕ ಬೆನಿಟೊ ಲಿಂಚ್ 1924ರಲ್ಲಿ ಪ್ರಕಟಿಸಿದ ಕಾದಂಬರಿ ‘ಎಲ್ ಇಂಗ್ಲೆಸ್ ದೆ ಲೋಸ್ ಗ್ವೆಸೋಸ್’ ಓದಿ ಎನ್ನುತ್ತೇನೆ. ಹೆಸರಿನ ಅರ್ಥ, ಮೂಳೆಗಳ ಇಂಗ್ಲಿಷಿನವನು.

ಜೇಮ್ಸ್ ಗ್ರೇ ಎಂಬ ಇಂಗ್ಲಿಷ್ ವಿದ್ವಾಂಸ ಮೂಲನಿವಾಸಿಗಳ ಅಸ್ಥಿಗಳನ್ನು ಅಗೆದು ತೆಗೆಯಲು ಅರ್ಜೆಂಟೀನಾದ ಪಂಪಾಸ್ ಬಯಲಿಗೆ ಬರುತ್ತಾನೆ. ‘ಲಾ ಎಸ್ತಾಕಾ’ ಎಂಬಲ್ಲಿ ಜಾನುವಾರು ನೋಡಿಕೊಳ್ಳುವ ಕುಟುಂಬವೊಂದರ ಮನೆಯೇ ಅವನ ಬಿಡಾರ. ಅವನು ಬಂದಿಳಿಯುವ ರೀತಿ ನೋಡಬೇಕು: ಗಿಡ್ಡ ಕುದುರೆ, ಮೇಲೆ ಉದ್ದ ಕಾಲಿನ ಆಸಾಮಿ, ಸುತ್ತ ಗಂಟುಮೂಟೆ, ಬಿಸಿಲಿಗೆ ಬಿಚ್ಚಿದ ಕೊಡೆ! ಮನೆಮಂದಿಗೆ ನಗು ತಡೆಯಲಾಗುವುದಿಲ್ಲ. ಮಗಳು ಬಲ್ಬಿನಾಳಂತೂ ಅವನನ್ನು ಗೇಲಿ ಮಾಡುವುದನ್ನೇ ಕಸುಬು ಮಾಡಿಕೊಳ್ಳುತ್ತಾಳೆ.

ಕಾದಂಬರಿ ನನ್ನನ್ನು ಗೆದ್ದದ್ದು ಇಲ್ಲಿ. ಇಂಥ ಕಥೆಗಳಲ್ಲಿ ನೋಡುವ ಕಣ್ಣು ಸಾಮಾನ್ಯವಾಗಿ ಪರದೇಶಿಯದು. ವಿಲಿಯಂ ಹೆನ್ರಿ ಹಡ್ಸನ್ 1885ರಲ್ಲಿ ಬರೆದ ‘ದಿ ಪರ್ಪಲ್ ಲ್ಯಾಂಡ್’ನಲ್ಲಿ ರಿಚರ್ಡ್ ಲ್ಯಾಂಬ್ ಎಂಬ ಯುವಕ ಉರುಗ್ವೆಯ ಹಳ್ಳಿಗಾಡು ಸುತ್ತುತ್ತಾನೆ, ಈ ನಾಡು ಇಂಗ್ಲೆಂಡಿನ ಕೈಸೇರದೆ ಹೀಗೇ ಇರಲಿ ಎಂದು ಕೊನೆಗೆ ಹಾರೈಸುವಷ್ಟು ಅದಕ್ಕೆ ಮನಸೋಲುತ್ತಾನೆ. ಸೊಗಸಾದ ಪುಸ್ತಕವೇ, ತಕರಾರಿಲ್ಲ. ಆದರೂ ಅಲ್ಲಿನ ಜನ ನಮಗೆ ಕಾಣುವುದು ಲ್ಯಾಂಬ್‌ಗೆ ಕಂಡಷ್ಟೇ. ಲಿಂಚ್ ನಮ್ಮನ್ನು ಬಲ್ಬಿನಾಳ ಮನೆಯೊಳಗೆ ಕೂರಿಸಿ ಅಲ್ಲಿಂದ ಇಂಗ್ಲಿಷಿನವನನ್ನು ತೋರಿಸುತ್ತಾನೆ. ಮಣ್ಣು ಕೆದಕಿ ಮೂಳೆ ಆರಿಸುವುದೂ ಒಂದು ದುಡಿಮೆಯೇ ಎಂಬ ಅವರ ಬೆರಗಿನಲ್ಲಿ ನಾವೂ ಪಾಲುದಾರರಾಗುತ್ತೇವೆ. ಇಲ್ಲಿನ ಗೌಚೊಗಳು ಹಾಡಿನ ವೀರರಲ್ಲ. ಇನ್ನೊಬ್ಬರ ಜಮೀನಿನಲ್ಲಿ ಸಂಸಾರ ಹೂಡಿ, ದುಡಿದು ತಿನ್ನುವವರು. ಜಮೀನುದಾರರ ಮನೆಯಲ್ಲಿ ಹುಟ್ಟಿ, ಎಸ್ಟಾನ್ಸಿಯಾದಲ್ಲೇ, ಅಂದರೆ ಅಲ್ಲಿನ ದೊಡ್ಡ ಜಾನುವಾರು ಜಮೀನಿನಲ್ಲೇ, ಬಾಲ್ಯ ಕಳೆದ ಲಿಂಚ್‌ಗೆ ಈ ಬದುಕು ಕೇಳಿ ತಿಳಿದದ್ದಲ್ಲ.

ಓದಬೇಕೆಂದಿರುವವರು ಮುಂದಿನದನ್ನು ಬಿಟ್ಟುಬಿಡಿ. ಗೇಲಿ ಪ್ರೀತಿಯಾಗುತ್ತದೆ. ಅವಳ ಮೇಲೆ ಕಣ್ಣಿಟ್ಟಿದ್ದ ಸಾಂತೋಸ್ ತೆಲ್ಮೊ ಅಸೂಯೆಯಿಂದ ಗ್ರೇಗೆ ಚೂರಿ ಹಾಕುತ್ತಾನೆ, ಬಲ್ಬಿನಾ ಆರೈಕೆ ಮಾಡುತ್ತಾಳೆ. ಗ್ರೇ ದುಷ್ಟನಲ್ಲ, ಅವನ ಮನಸ್ಸೂ ಹೊಯ್ದಾಡುತ್ತದೆ. ಕೊನೆಗೆ ವಿದ್ವತ್ತೇ ಮೇಲಾಗಿ ಊರಿಗೆ ಹೊರಟುಬಿಡುತ್ತಾನೆ. ಬಲ್ಬಿನಾ ನೇಣು ಹಾಕಿಕೊಳ್ಳುತ್ತಾಳೆ.

ಈ ಅಂತ್ಯವನ್ನು ದೊಡ್ಡ ದುರಂತವೆಂದು ಹೊಗಳುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಅಷ್ಟು ಪುಟಗಳವರೆಗೆ ಮಾತಿಗೆ ಮಾತು ಎಸೆದ ಹುಡುಗಿಯನ್ನು ಕೈಬಿಟ್ಟ ಪ್ರೇಯಸಿಯ ಹಳೆಯ ಪಾತ್ರಕ್ಕೆ ತಳ್ಳಿದ್ದು ಲಿಂಚ್ ಮಾಡಿದ ಅನ್ಯಾಯ. ಅವಳು ಬದುಕಿ ಉಳಿದು, ಮುಂದೆ ಬರುವ ಪರದೇಶಿಗೂ ನಾಲ್ಕು ಮಾತು ಬಿಸಾಡಿದ್ದರೆ ಕಾದಂಬರಿಯ ತೂಕವೇನೂ ಇಳಿಯುತ್ತಿರಲಿಲ್ಲ. ಓದಿದವರಿದ್ದರೆ ಬನ್ನಿ, ಜಗಳವಾಡೋಣ.