ಕಡೆಯ ಮೇಜಿಗೆ ಗಡುವಿಲ್ಲ

ಮತ್ತೆ ಅದೇ ನಾಲ್ಕು ಸಾಲಿನ ಸುದ್ದಿ. ನ್ಯಾಯಮೂರ್ತಿಗಳನ್ನು ಆರಿಸುವ ಹಿರಿಯ ನ್ಯಾಯಮೂರ್ತಿಗಳ ಕೂಟ, ಅಂದರೆ ಕೊಲಿಜಿಯಂ, ಕಳಿಸಿದ ಪಟ್ಟಿಯಲ್ಲಿ ಇಷ್ಟು ಜನರ ನೇಮಕಕ್ಕೆ ಅಧಿಸೂಚನೆ ಹೊರಟಿದೆ, ಒಬ್ಬರ ಹೆಸರು ಇಲ್ಲ. ಯಾಕಿಲ್ಲ ಅಂತ ಕೇಳಬೇಡಿ. ಕಾನೂನು ಸಚಿವಾಲಯ ಹೇಳುವುದಿಲ್ಲ, ಕೊಲಿಜಿಯಂ ಕೇಳಿದ ಹಾಗೆ ಕಾಣುವುದಿಲ್ಲ, ಹೆಸರು ಬಿಟ್ಟುಹೋದ ವಕೀಲರಂತೂ ಬಾಯಿ ಬಿಡುವ ಹಾಗೇ ಇಲ್ಲ. ಇಸವಿ ತಿದ್ದಿಕೊಂಡರೆ ಕಳೆದ ಹತ್ತು ವರ್ಷಗಳಲ್ಲಿ ಯಾವಾಗ ಬೇಕಾದರೂ ಅಚ್ಚು ಹಾಕಬಹುದಾದ ಸುದ್ದಿ.

ವ್ಯವಸ್ಥೆಯನ್ನು ಮೊದಲೇ ಹೊಗಳಿಬಿಡೋಣ, ಆಮೇಲೆ ಮನಸ್ಸು ಬರಲಿಕ್ಕಿಲ್ಲ. ಕೋರ್ಟಿನಲ್ಲಿ ಜವಾನನಾಗಬೇಕಾದರೆ ಅಧಿಸೂಚನೆ, ಅರ್ಜಿ, ಶುಲ್ಕ, ಮೀಸಲಾತಿ, ಸಂದರ್ಶನ, ಆಯ್ಕೆ ಪಟ್ಟಿ ಅಂತ ನೂರೆಂಟು. ಅದೇ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಆಗಬೇಕಾದರೆ ಈ ಯಾವ ತಾಪತ್ರಯವೂ ಇಲ್ಲ. ಹತ್ತು ವರ್ಷ ವಕೀಲಿಕೆ ಆಗಿರಬೇಕು, ರೂಢಿಯಂತೆ ವಯಸ್ಸು 45 ದಾಟಿ 55ರೊಳಗಿರಬೇಕು, ಮುಖ್ಯ ನ್ಯಾಯಮೂರ್ತಿ ಮತ್ತು ಅವರ ನಂತರದ ಇಬ್ಬರು ಹಿರಿಯರ ಕಣ್ಣಿಗೆ ಬೀಳಬೇಕು. ಬೀಳುವುದು ಹೇಗೆಂಬುದಕ್ಕೆ ನಿಯಮಾವಳಿ ಇಲ್ಲ. ತಂದೆಯೋ ಮಾವನೋ ಒಂದು ಕಾಲಕ್ಕೆ ಅದೇ ಕಟ್ಟಡದಲ್ಲಿ ಪೀಠವೇರಿದ್ದರೆ ಸುಲಭ ಎಂದು ಬಾರ್ ರೂಮಿನಲ್ಲಿ ಮಾತಾಡಿಕೊಳ್ಳುತ್ತಾರೆ. ಬಾರ್ ರೂಮಿನ ಮಾತು ಸಾಕ್ಷ್ಯ ಕಾಯ್ದೆಯಡಿ ನಿಲ್ಲುವುದಿಲ್ಲ, ಬಿಡಿ.

ಹೆಸರು ಒಮ್ಮೆ ಕಾಗದಕ್ಕಿಳಿದ ಮೇಲೆ ಮಾತ್ರ ನಿಯಮಗಳ ಸುರಿಮಳೆ. ಮೆಮೊರಾಂಡಂ ಆಫ್ ಪ್ರೊಸೀಜರ್ ಎಂಬ ಪವಿತ್ರ ಗ್ರಂಥವೊಂದಿದೆ. ಅದರ ಪ್ರಕಾರ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಹುದ್ದೆ ಖಾಲಿಯಾಗುವುದಕ್ಕೆ ಆರು ತಿಂಗಳು ಮೊದಲೇ ಹೆಸರು ಕಳಿಸಬೇಕು. ಕಷ್ಟದ ಕೆಲಸವೇನಲ್ಲ: ಹೈಕೋರ್ಟಿನಲ್ಲಿ ನಿವೃತ್ತಿ 62ಕ್ಕೆ, ಪ್ರಮಾಣವಚನದ ದಿನವೇ ನಿವೃತ್ತಿಯ ದಿನವೂ ಗೊತ್ತು. ಆದರೂ ಎಷ್ಟೋ ಹುದ್ದೆಗಳಿಗೆ ಹೆಸರೇ ಹೋಗಿರುವುದಿಲ್ಲ; ಸಂಸತ್ತಿನಲ್ಲಿ ಪ್ರಶ್ನೆ ಬಂದಾಗ ಸರ್ಕಾರ ಇದನ್ನು ಸಂತೋಷದಿಂದಲೇ ಹೇಳುತ್ತದೆ. ಹೆಸರಿನ ಜತೆ ವಕೀಲರ ಆದಾಯ, ಅವರು ವಾದಿಸಿ ವರದಿಯಾದ ತೀರ್ಪುಗಳ ಲೆಕ್ಕ ಎಲ್ಲ ಹೋಗುತ್ತವೆ. ರಾಜ್ಯ ಸರ್ಕಾರ ಆರು ವಾರದೊಳಗೆ ಅಭಿಪ್ರಾಯ ಹೇಳಬೇಕು. ಹೇಳದಿದ್ದರೆ ಹೇಳುವುದೇನೂ ಇಲ್ಲವೆಂದು ಭಾವಿಸಿ ಮುಂದೆ ಹೋಗಬಹುದು. ಗುಪ್ತಚರ ದಳ, ಅಂದರೆ ಐಬಿ, ವರದಿ ಕೊಡುತ್ತದೆ. ಸುಪ್ರೀಂ ಕೋರ್ಟಿನಲ್ಲಿ ಸಿಜೆಐ, ಅಂದರೆ ಭಾರತದ ಮುಖ್ಯ ನ್ಯಾಯಮೂರ್ತಿ, ಮತ್ತು ಇಬ್ಬರು ಹಿರಿಯರು, ಆ ಹೈಕೋರ್ಟನ್ನು ಬಲ್ಲ ಸಹೋದ್ಯೋಗಿಗಳ ಅಭಿಪ್ರಾಯ ಪಡೆದು, ನಾಲ್ಕು ವಾರದಲ್ಲಿ ಶಿಫಾರಸು ಮಾಡಬೇಕು. ಕಾನೂನು ಸಚಿವರು ಮೂರು ವಾರದಲ್ಲಿ ಕಡತವನ್ನು ಪ್ರಧಾನಿಗೆ ಮಂಡಿಸಬೇಕು.

ಆಮೇಲೆ? ಗ್ರಂಥ ಅಲ್ಲಿಗೆ ಮೌನ. ಎಲ್ಲರಿಗೂ ವಾರದ ಲೆಕ್ಕ ಕೊಟ್ಟವರು ಕಡೆಯ ಮೇಜಿಗೆ ಮಾತ್ರ ಗಡುವು ಬರೆಯಲಿಲ್ಲ. ಇಡೀ ನಾಟಕ ನಡೆಯುವುದೇ ಆ ಮೇಜಿನ ಮೇಲೆ. ಸುಪ್ರೀಂ ಕೋರ್ಟಿನ 1993ರ ತೀರ್ಪಿನ ಪ್ರಕಾರ ಕೊಲಿಜಿಯಂ ಎರಡನೇ ಸಲ ಅದೇ ಹೆಸರು ಕಳಿಸಿದರೆ ಸರ್ಕಾರ ಒಪ್ಪಲೇಬೇಕು. ಸರಿ, ಸರ್ಕಾರವೂ ಒಪ್ಪುತ್ತದೆ. ಯಾವಾಗ ಅಂತ ಹೇಳುವುದಿಲ್ಲ, ಅಷ್ಟೆ. ತಿರಸ್ಕರಿಸಿದರೆ ಕಾರಣ ಕೊಡಬೇಕು, ಕಾರಣ ಕೊಟ್ಟರೆ ಚರ್ಚೆಯಾಗುತ್ತದೆ. ಸುಮ್ಮನೆ ಕೂತರೆ ಎರಡೂ ಇಲ್ಲ. ಸಂವಿಧಾನದ ಯಾವ ವಿಧಿಯಲ್ಲೂ ಇಲ್ಲದ ಈ ವೀಟೋಗೆ ಬೇಕಾದ ಬಂಡವಾಳ ಒಂದು ಡ್ರಾಯರ್ ಮಾತ್ರ.

ಐಬಿ ವರದಿಯ ಬಗ್ಗೆ ಒಂದು ಮಾತು. ‘ಒಳ್ಳೆಯ ವೈಯಕ್ತಿಕ ಹಾಗೂ ವೃತ್ತಿಪರ ಹೆಸರಿದೆ, ಪ್ರಾಮಾಣಿಕತೆಯ ಬಗ್ಗೆ ಪ್ರತಿಕೂಲವಾದದ್ದೇನೂ ಗಮನಕ್ಕೆ ಬಂದಿಲ್ಲ’ ಎಂಬ ಅರ್ಥದ ಸಾಲು ಕೊಲಿಜಿಯಂ ನಿರ್ಣಯಗಳಲ್ಲಿ ಮಂತ್ರದಂತೆ ಮರುಕಳಿಸುತ್ತದೆ. ಮದ್ರಾಸ್ ಹೈಕೋರ್ಟಿನ ವಕೀಲ ಆರ್. ಜಾನ್ ಸತ್ಯನ್ ಅವರ ಬಗ್ಗೆಯೂ ಐಬಿ ಹೀಗೇ ಹೇಳಿತ್ತು. ಅದರೊಟ್ಟಿಗೆ, ಅವರು ಪ್ರಧಾನಿಯನ್ನು ಟೀಕಿಸುವ ಲೇಖನವೊಂದನ್ನು ಜಾಲತಾಣದಲ್ಲಿ ಹಂಚಿಕೊಂಡಿದ್ದಾರೆ ಎಂದೂ ಹೇಳಿತ್ತು. ಬರೆದದ್ದಲ್ಲ, ಹಂಚಿಕೊಂಡದ್ದು. ಕಡತ ವಾಪಸಾಯಿತು. 2023ರ ಜನವರಿ 17ರಂದು ಕೊಲಿಜಿಯಂ ಅದೇ ಹೆಸರನ್ನು ಮತ್ತೆ ಕಳಿಸಿತು. ಲೇಖನ ಹಂಚಿಕೊಂಡರೆ ಅರ್ಹತೆ ಕೆಡುವುದಿಲ್ಲ ಎಂದಿತು. ಅದೇ ದಿನ ಶಿಫಾರಸಾದ ಹೊಸಬರಿಗಿಂತ ಮೊದಲು ಇವರನ್ನು ನೇಮಿಸಿ ಎಂದೂ ಸೇರಿಸಿತು.

ಆ ಹೊಸಬರಲ್ಲಿ ಒಬ್ಬರು ವಿಕ್ಟೋರಿಯಾ ಗೌರಿ. ಆಳುವ ಪಕ್ಷದ ಮಹಿಳಾ ಮೋರ್ಚಾದಲ್ಲಿ ಪದಾಧಿಕಾರಿಯಾಗಿದ್ದವರು. ಅಲ್ಪಸಂಖ್ಯಾತರ ಬಗ್ಗೆ ಅವರು ಆಡಿದ್ದಾರೆನ್ನಲಾದ ಮಾತುಗಳ ವಿಡಿಯೊಗಳು ಯೂಟ್ಯೂಬಿನಲ್ಲೇ ಇದ್ದವು. ಲೇಖನವೊಂದರ ಫಾರ್ವರ್ಡ್ ಹುಡುಕಿ ತೆಗೆದ ವ್ಯವಸ್ಥೆಗೆ ಇವು ಕಾಣಿಸಲಿಲ್ಲ. ಶಿಫಾರಸಿನ ನಂತರವಷ್ಟೇ ಕೆಲವು ಸಂಗತಿಗಳು ಗಮನಕ್ಕೆ ಬಂದವು ಎಂದು ಫೆಬ್ರವರಿ 6ರಂದು ಸಿಜೆಐ ಅವರೇ ಕೋರ್ಟಿನಲ್ಲಿ ಹೇಳಿದರು. ಮರುದಿನ ಬೆಳಿಗ್ಗೆ ದೆಹಲಿಯಲ್ಲಿ ನೇಮಕದ ವಿರುದ್ಧದ ಅರ್ಜಿಯ ವಿಚಾರಣೆ ನಡೆಯುತ್ತಿದ್ದ ಹೊತ್ತಿಗೇ ಚೆನ್ನೈನಲ್ಲಿ ಪ್ರಮಾಣವಚನ ಆಯಿತು. ಅರ್ಜಿ ವಜಾ. ಶಿಫಾರಸಿನಿಂದ ಪ್ರಮಾಣವಚನಕ್ಕೆ ಮೂರು ವಾರ. ಮೊದಲು ಆಗಬೇಕಿದ್ದ ಸತ್ಯನ್ ಆ ಸಾಲಿನಲ್ಲಿ ಇರಲಿಲ್ಲ. ಕಡತಗಳಿಗೆ ಕಾಲಿಲ್ಲ ಎನ್ನುವವರು ಈ ಮೂರು ವಾರವನ್ನು ಗಮನಿಸಬೇಕು.

ಇನ್ನು ಸೌರಭ್ ಕೃಪಾಲ್. ದೆಹಲಿ ಹೈಕೋರ್ಟ್ ಅವರ ಹೆಸರು ಕಳಿಸಿದ್ದು 2017ರ ಅಕ್ಟೋಬರ್‌ನಲ್ಲಿ. ಸುಪ್ರೀಂ ಕೋರ್ಟಿನ ಕೊಲಿಜಿಯಂ ಒಪ್ಪಿದ್ದು 2021ರ ನವೆಂಬರ್‌ನಲ್ಲಿ. ನಾಲ್ಕು ವಾರದ ಗಡುವು ಇವರಿಗೂ ಇದೆ ಎಂಬುದನ್ನು ಮರೆಯದಿರಿ. ಸರ್ಕಾರದ ತಕರಾರು ಎರಡು: ಅವರ ಸಂಗಾತಿ ಸ್ವಿಸ್ ಪ್ರಜೆ, ಮತ್ತು ಅವರು ತಮ್ಮ ಲೈಂಗಿಕತೆಯನ್ನು ಬಚ್ಚಿಡುತ್ತಿಲ್ಲ. ಉನ್ನತ ಸಾಂವಿಧಾನಿಕ ಹುದ್ದೆಗಳಲ್ಲಿದ್ದ ಎಷ್ಟೋ ಜನರ ಪತಿ ಪತ್ನಿಯರು ವಿದೇಶಿಯರೇ ಆಗಿದ್ದರು, ಬಚ್ಚಿಡದಿರುವುದು ಅವರ ಹೆಚ್ಚುಗಾರಿಕೆ ಎಂದು ಕೊಲಿಜಿಯಂ 2023ರ ಜನವರಿಯಲ್ಲಿ ಬರೆದು ಹೆಸರನ್ನು ಮತ್ತೆ ಕಳಿಸಿತು. ಡ್ರಾಯರ್ ಮುಚ್ಚಿತು.

ಪಟ್ಟಿ ಒಡೆಯುವ ಕಲೆ ಇದಕ್ಕಿಂತ ಸೂಕ್ಷ್ಮ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಒಂದೇ ಹೆಸರನ್ನು ಎತ್ತಿ ಪಕ್ಕಕ್ಕಿಡುವುದು. ಏನು ಮಹಾ, ನಾಲ್ಕು ತಿಂಗಳು ತಡ ಅನ್ನಬಹುದು ನೀವು. ಆದರೆ ನ್ಯಾಯಮೂರ್ತಿಗಳ ಜ್ಯೇಷ್ಠತೆ ಲೆಕ್ಕಕ್ಕೆ ಬರುವುದು ಪ್ರಮಾಣವಚನದ ಕ್ರಮದಲ್ಲಿ. ಮುಂದೆ ಯಾರು ಕೊಲಿಜಿಯಂನಲ್ಲಿ ಕೂರುತ್ತಾರೆ, ಯಾರು ಸಿಜೆಐ ಆಗುತ್ತಾರೆ ಎಂಬುದೂ ಅದರಿಂದಲೇ ತೀರ್ಮಾನ. 2018ರ ಜನವರಿ 10ರಂದು ಇಂದೂ ಮಲ್ಹೋತ್ರಾ ಮತ್ತು ಕೆ.ಎಂ. ಜೋಸೆಫ್ ಅವರ ಹೆಸರು ಸುಪ್ರೀಂ ಕೋರ್ಟಿನ ಹುದ್ದೆಗೆ ಒಟ್ಟಿಗೇ ಹೋದವು. ಮಲ್ಹೋತ್ರಾ ಏಪ್ರಿಲ್‌ನಲ್ಲೇ ಪ್ರಮಾಣ ಸ್ವೀಕರಿಸಿದರು. ಜೋಸೆಫ್ ಅವರ ಕಡತ ವಾಪಸಾಗಿ, ಮತ್ತೆ ಹೋಗಿ, ಆಗಸ್ಟ್ 7ರಂದು ಪ್ರಮಾಣವಚನ ಆದಾಗ ಅವತ್ತಿನ ಮೂವರಲ್ಲಿ ಕೊನೆಯವರು. 2016ರಲ್ಲಿ ಉತ್ತರಾಖಂಡದ ರಾಷ್ಟ್ರಪತಿ ಆಳ್ವಿಕೆಯನ್ನು ರದ್ದು ಮಾಡಿದವರು ಅವರೇ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಸರ್ಕಾರ ಹೇಳಿದೆ, ನಂಬಿ.

ಹಾಗಾದರೆ ಕೊಲಿಜಿಯಂ ಪಾಪದ್ದು, ಸರ್ಕಾರದ್ದೇ ತಪ್ಪು ಅಂದುಕೊಂಡಿರಾ? ಸ್ವಲ್ಪ ತಾಳಿ. 2018ರ ಡಿಸೆಂಬರ್ 12ರಂದು ಕೊಲಿಜಿಯಂನ ಐವರು ಹಿರಿಯರು ಸೇರಿ (ಸುಪ್ರೀಂ ಕೋರ್ಟಿನ ನೇಮಕವಾದರೆ ಮೂವರಲ್ಲ, ಐವರು) ಅಲ್ಲಿನ ನೇಮಕಗಳ ಬಗ್ಗೆ ‘ಕೆಲವು ನಿರ್ಧಾರ’ ಕೈಗೊಂಡರು. ಸಮಾಲೋಚನೆ ಪೂರ್ತಿಯಾಗುವ ಮೊದಲು ಚಳಿಗಾಲದ ರಜೆ ಬಂತು. ರಜೆಯಲ್ಲೇ ನ್ಯಾ. ಮದನ್ ಲೋಕೂರ್ ನಿವೃತ್ತರಾದರು. ಜನವರಿ 10ರಂದು ಹೊಸ ಐವರು ಕೂತು ಬೇರೆಯವರ ಹೆಸರು ಕಳಿಸಿದರು. ಡಿಸೆಂಬರ್‌ನಲ್ಲಿ ಏನಾಯಿತು ಎಂದು ಮಾಹಿತಿ ಹಕ್ಕಿನಡಿ ಕೇಳಿದವರಿಗೆ 2022ರಲ್ಲಿ ಸುಪ್ರೀಂ ಕೋರ್ಟೇ ಕೊಟ್ಟ ಉತ್ತರ: ಚರ್ಚೆ ನಡೆದಿರಬಹುದು, ಎಲ್ಲರೂ ಸಹಿ ಹಾಕದೆ ಅದು ನಿರ್ಣಯ ಆಗುವುದಿಲ್ಲ, ನಿರ್ಣಯ ಇಲ್ಲದ ಮೇಲೆ ಕೊಡುವುದೇನು? ನಾಡಿನ ಯಾವುದಾದರೂ ಗ್ರಾಮ ಪಂಚಾಯಿತಿ ಸಭಾ ನಡಾವಳಿಯ ಬಗ್ಗೆ ಈ ವಾದ ಹೂಡಿ ನೋಡಲಿ.

ಅದೇ 2022ರ ಸೆಪ್ಟೆಂಬರ್ 30ರ ಕಥೆಯಂತೂ ಇನ್ನೂ ಸೊಗಸು. ಸಿಜೆಐ ಯು.ಯು. ಲಲಿತ್ ಸಭೆ ಕರೆದಿದ್ದರು. ಸದಸ್ಯರಲ್ಲೊಬ್ಬರಾದ ನ್ಯಾ. ಚಂದ್ರಚೂಡ್ ರಾತ್ರಿ 9.10ರವರೆಗೆ ಪ್ರಕರಣಗಳ ವಿಚಾರಣೆ ನಡೆಸಿದರು. ಸಭೆ ನಡೆಯಲಿಲ್ಲ. ಸಿಜೆಐ ಹೆಸರುಗಳನ್ನು ಪತ್ರದ ಮೂಲಕ ಕಳಿಸಿ ಒಪ್ಪಿಗೆ ಕೇಳಿದರು. ಇಬ್ಬರು ಒಪ್ಪಿದರು. ಇನ್ನಿಬ್ಬರು, ಅವರಲ್ಲೊಬ್ಬರು ನಮ್ಮ ಮೂಡುಬಿದಿರೆ ಕಡೆಯ ನ್ಯಾ. ಅಬ್ದುಲ್ ನಜೀರ್, ಈ ಪತ್ರ ವ್ಯವಹಾರದ ಪದ್ಧತಿಯೇ ಸರಿಯಲ್ಲ ಎಂದರು. ಅಷ್ಟರಲ್ಲಿ ಮುಂದಿನ ಸಿಜೆಐ ಯಾರು ಎಂದು ಕೇಳಿ ಸರ್ಕಾರದ ಪತ್ರ ಬಂತು, ಆ ಹೆಸರುಗಳ ಕಥೆ ಅಲ್ಲಿಗೆ ಮುಗಿಯಿತು. ಐವರೂ ಒಂದೇ ಕಟ್ಟಡದಲ್ಲಿ ಕೆಲಸ ಮಾಡುವವರು ಎಂಬುದನ್ನು ಮತ್ತೆ ಹೇಳಬೇಕಿಲ್ಲ. ಸಭೆಯ ನಡಾವಳಿ ಬರೆದಿಡುವುದಿಲ್ಲವೆಂದು ನ್ಯಾ. ಚೆಲಮೇಶ್ವರ್ 2016ರಲ್ಲಿ ಸಭೆಗೆ ಹೋಗುವುದನ್ನೇ ಬಿಟ್ಟಿದ್ದರು. ಆಗ ಅದನ್ನು ಮುನಿಸು ಅಂದರು.

ಇದಕ್ಕೆ ಮದ್ದೆಂದು ಸಂಸತ್ತು 2014ರಲ್ಲಿ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗ ತಂದಿತಲ್ಲ, ಅದು ಇನ್ನೊಂದು ಮೋಜು. ಆರು ಜನ: ಸಿಜೆಐ, ಇಬ್ಬರು ಹಿರಿಯ ನ್ಯಾಯಮೂರ್ತಿಗಳು, ಕಾನೂನು ಸಚಿವರು ಮತ್ತು ಇಬ್ಬರು ‘ಗಣ್ಯ ವ್ಯಕ್ತಿಗಳು’. ಗಣ್ಯರು ಅಂದರೆ ಯಾರು? ಕಾಯ್ದೆಯಲ್ಲಿ ಅರ್ಹತೆ ಬರೆದಿರಲಿಲ್ಲ. ಕಾನೂನು ಓದಿರಬೇಕಿರಲಿಲ್ಲ. ಯಾರಾದರೂ ಇಬ್ಬರು ಬೇಡ ಎಂದರೆ ಹೆಸರು ಬಿದ್ದುಹೋಗುತ್ತಿತ್ತು. ಅಂದರೆ ಇಬ್ಬರು ಗಣ್ಯರು ಕೈಜೋಡಿಸಿದರೆ ಮೂವರು ನ್ಯಾಯಮೂರ್ತಿಗಳ ಮಾತು ನಡೆಯುತ್ತಿರಲಿಲ್ಲ. ಈ ಮಹನೀಯರನ್ನು ಆರಿಸುವ ಸಭೆಗೆ ಆಗಿನ ಸಿಜೆಐ, ನಮ್ಮ ಚಿಕ್ಕಮಗಳೂರು ಜಿಲ್ಲೆಯ ಎಚ್.ಎಲ್. ದತ್ತು, ಆಯೋಗದ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿದ್ದ ಪ್ರಕರಣ ಇತ್ಯರ್ಥವಾಗುವವರೆಗೆ ಬರುವುದಿಲ್ಲ ಎಂದು ಪ್ರಧಾನಿಗೆ ಬರೆದರು. ಹಾಗಾಗಿ ಗಣ್ಯರು ಹುಟ್ಟಲೇ ಇಲ್ಲ. 2015ರ ಅಕ್ಟೋಬರ್ 16ರಂದು 4:1ರ ಬಹುಮತದಲ್ಲಿ, ಸಾವಿರ ಪುಟ ಮೀರಿದ ತೀರ್ಪಿನಲ್ಲಿ, ಆಯೋಗವೂ ಹೋಯಿತು. ಕೊಲಿಜಿಯಂನಲ್ಲೂ ಕುಂದುಗಳಿವೆ, ಸರಿಪಡಿಸೋಣ, ಹೊಸ ಮೆಮೊರಾಂಡಂ ಬರೆಯಿರಿ ಎಂದು ಅದೇ ಡಿಸೆಂಬರ್‌ನಲ್ಲಿ ಕೋರ್ಟ್ ಹೇಳಿತು. 2017ರ ಮಾರ್ಚ್‌ನಲ್ಲಿ ಕೊಲಿಜಿಯಂ ತನ್ನ ಕರಡು ಕಳಿಸಿತು. ಅದರ ಮೇಲೂ ಕಾಗದ ಓಡಾಡಿತೇ ಹೊರತು ಹೊಸ ಗ್ರಂಥ ಬರಲಿಲ್ಲ. ನ್ಯಾಯಮೂರ್ತಿಗಳನ್ನು ಆರಿಸುವ ಕ್ರಮವನ್ನು ಆರಿಸುವುದಕ್ಕೂ ಗಡುವಿಲ್ಲ.

ನಿಜ ಹೇಳಬೇಕೆಂದರೆ, ಈ ಜಗಳದಲ್ಲಿ ಇಬ್ಬರಿಗೂ ನಷ್ಟವಿಲ್ಲ. ಒಬ್ಬರು ‘ಸ್ವಾತಂತ್ರ್ಯ’ ಎನ್ನುತ್ತಾರೆ, ಇನ್ನೊಬ್ಬರು ‘ಉತ್ತರದಾಯಿತ್ವ’ ಎನ್ನುತ್ತಾರೆ, ಬಾಗಿಲು ಮುಚ್ಚುವಾಗ ಇಬ್ಬರೂ ಒಟ್ಟಿಗೇ ಎಳೆಯುತ್ತಾರೆ. ಸಂಸತ್ತಿನ ಉತ್ತರದಲ್ಲಿ ಇದಕ್ಕೆ ‘ನಿರಂತರ, ಸಮಗ್ರ, ಸಹಯೋಗದ ಪ್ರಕ್ರಿಯೆ’ ಎಂಬ ಹೆಸರಿದೆ. ಹೈಕೋರ್ಟುಗಳ ಮಂಜೂರಾದ 1,122 ಹುದ್ದೆಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಖಾಲಿ ಇರುವುದು ವರ್ಷಗಳಿಂದ ಮಾಮೂಲಾಗಿದೆ. ಬಾಕಿ ಪ್ರಕರಣಗಳು 60 ಲಕ್ಷ ಮೀರಿವೆ. ಆ 60 ಲಕ್ಷದಲ್ಲಿ ಜೈಲಿನಿಂದ ಮೇಲ್ಮನವಿ ಹಾಕಿ ಕೂತವನಿದ್ದಾನೆ, ಪಾಲಿನ ದಾವೆಯಲ್ಲಿ ಅಪ್ಪನ ಜಾಗಕ್ಕೆ ವಾರಸುದಾರಳಾಗಿ ಬಂದ ಮಗಳಿದ್ದಾಳೆ, ಪಿಂಚಣಿಗಾಗಿ ರಿಟ್ ಹಾಕಿದ ಮುದುಕನಿದ್ದಾನೆ. ಇವರ ವಕೀಲರು ಪ್ರತಿ ವಾಯಿದೆಗೂ ಹೇಳುವುದು ‘ನಮ್ಮ ಐಟಂ ಬರಲಿಲ್ಲ’ ಎಂದೇ. ಬರುವುದು ಹೇಗೆ, ಕೇಳುವವರ ಕುರ್ಚಿ ಖಾಲಿ. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ. ಸುಮ್ಮನೆ ಅಸಹ್ಯ.

ಕರ್ನಾಟಕದವರು ಪಾಲು ಸಿಗಲಿಲ್ಲ ಎಂದು ಬೇಸರಿಸಬೇಕಿಲ್ಲ. ನಮ್ಮ ಜಿಲ್ಲಾ ನ್ಯಾಯಾಧೀಶರಾಗಿದ್ದ ಪಿ. ಕೃಷ್ಣ ಭಟ್ ಅವರ ಹೆಸರನ್ನು ಕೊಲಿಜಿಯಂ ಎರಡು ಸಲ ಕಳಿಸಿತ್ತು. ಮೊದಲೇ ವಿಚಾರಣೆಯಾಗಿ ಹುರುಳಿಲ್ಲ ಎಂದಿದ್ದ ದೂರನ್ನು ಹಿಡಿದು ಕಾನೂನು ಸಚಿವಾಲಯ ಸುಪ್ರೀಂ ಕೋರ್ಟನ್ನು ದಾಟಿ ನೇರ ನಮ್ಮ ಮುಖ್ಯ ನ್ಯಾಯಮೂರ್ತಿಗಳಿಗೇ ಬರೆಯಿತು, ಇಲ್ಲಿ ಮರು ವಿಚಾರಣೆಯೂ ಶುರುವಾಯಿತು. ಪಾತಾಳಕ್ಕಿಳಿಯುವ ಓಟದಲ್ಲಿ ಬೆಂಗಳೂರಿನವರೊಬ್ಬರು ನಮ್ಮನ್ನು ಆಗಲೇ ಹಿಂದೆ ಹಾಕಿದ್ದಾರೆ ಎಂಬರ್ಥದಲ್ಲಿ ಚೆಲಮೇಶ್ವರ್ 2018ರ ಮಾರ್ಚ್‌ನಲ್ಲಿ ಬರೆದ ಪತ್ರ ಈ ಸಂಬಂಧದ್ದೇ. ಭಟ್ ಅವರು ಹೈಕೋರ್ಟಿಗೆ ಬಂದದ್ದು 2020ರಲ್ಲಿ.

2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಡೆಗೂ ಆ ಮೇಜಿಗೆ ಒಂದು ಗಡುವು ಹಾಕಿತು: ಎರಡನೇ ಸಲ ಸರ್ವಾನುಮತದಿಂದ ಬಂದ ಹೆಸರಿಗೆ ಮೂರು ನಾಲ್ಕು ವಾರದಲ್ಲಿ ನೇಮಕ. ಯಾರೂ ಪಾಲಿಸಲಿಲ್ಲ. ಬೆಂಗಳೂರು ವಕೀಲರ ಸಂಘ ನ್ಯಾಯಾಂಗ ನಿಂದನೆ ಅರ್ಜಿ ಹಾಕಿತು. ನ್ಯಾ. ಸಂಜಯ್ ಕಿಶನ್ ಕೌಲ್ ಸರ್ಕಾರವನ್ನು ಹಲವು ಸಲ ತರಾಟೆಗೆ ತೆಗೆದುಕೊಂಡರು. 2023ರ ಡಿಸೆಂಬರ್ 5ರಂದು ಬರಬೇಕಿದ್ದ ಅರ್ಜಿ ಅವತ್ತಿನ ವಿಚಾರಣೆಯ ಪಟ್ಟಿಯಲ್ಲಿ, ಅಂದರೆ ಕಾಸ್ ಲಿಸ್ಟಿನಲ್ಲಿ, ಇರಲಿಲ್ಲ. ನಾನು ತೆಗೆಸಿಲ್ಲ, ಕೆಲವನ್ನು ಹೇಳದೇ ಇರುವುದೇ ಲೇಸು ಎಂದರು ಕೌಲ್. ಅದೇ ತಿಂಗಳ 25ಕ್ಕೆ ಅವರಿಗೆ ನಿವೃತ್ತಿ.

ಅವರಿಂದ ತೆರವಾದ ಜಾಗಕ್ಕೆ ಕರ್ನಾಟಕದ ಮುಖ್ಯ ನ್ಯಾಯಮೂರ್ತಿ ಪಿ.ಬಿ. ವರಾಳೆ ಹೋದರು. 2024ರ ಜನವರಿ 19ಕ್ಕೆ ಶಿಫಾರಸು, 24ಕ್ಕೆ ಅಧಿಸೂಚನೆ, 25ಕ್ಕೆ ಪ್ರಮಾಣವಚನ. ಆರು ದಿನ! ಐಬಿ, ಸಚಿವಾಲಯ, ಪ್ರಧಾನಿ, ರಾಷ್ಟ್ರಪತಿ, ಎಲ್ಲರೂ ಸೇರಿ ಆರು ದಿನ. ಇಲ್ಲಿ ತೆರವಾದ ಜಾಗಕ್ಕೆ ಪಿ.ಎಸ್. ದಿನೇಶ್ ಕುಮಾರ್ ಬಂದರು, ಫೆಬ್ರವರಿ 3ಕ್ಕೆ ಪ್ರಮಾಣವಚನ. 24ಕ್ಕೆ ಅವರಿಗೆ 62 ತುಂಬಿತು. ರಾಜಭವನದವರು 25ಕ್ಕೆ ಮತ್ತೆ ಕುರ್ಚಿ ಜೋಡಿಸಿದರು.