ಅರ್ಧ ಚಿತ್ರ ಪರದೆಯ ಮೇಲಿರಲಿ, ಉಳಿದರ್ಧ ಮಕ್ಕಳೇ ಬರೆಯಲಿ

ಹತ್ತನೆಯ ತರಗತಿಗೆ ಹೃದಯದ ನೀಳಛೇದ ನೋಟವನ್ನು, ಅಂದರೆ ಅದನ್ನು ಉದ್ದಕ್ಕೆ ಸೀಳಿದರೆ ಒಳಗೆ ಕಾಣುವ ರಚನೆಯನ್ನು, ನಾನು ಹಲವು ವರ್ಷ ಸ್ಲೈಡ್ ತೋರಿಸಿಯೇ ಕಲಿಸಿದೆ. ಬಣ್ಣ ತುಂಬಿದ, ಭಾಗಗಳನ್ನೆಲ್ಲ ಗುರುತಿಸಿದ ಅಚ್ಚುಕಟ್ಟಾದ ಚಿತ್ರ ಪರದೆಯ ಮೇಲೆ ಮೂಡುತ್ತಿತ್ತು; ನಾನು ವಿವರಿಸುತ್ತಿದ್ದೆ, ಮಕ್ಕಳು ನೋಡಿಕೊಂಡು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ‘ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಪೂರ್ಣ ಅಂಕವೂ ಬರುತ್ತಿತ್ತು. ಆದರೆ ಶ್ವಾಸಕೋಶದಿಂದ ಬಂದ ರಕ್ತ ಮೊದಲು ಯಾವ ಕೋಣೆಯನ್ನು ಸೇರುತ್ತದೆ ಎಂದು ಅದೇ ಮಕ್ಕಳನ್ನು ಕೇಳಿದರೆ ಅರ್ಧ ತರಗತಿ ತಲೆ ತಗ್ಗಿಸುತ್ತಿತ್ತು. ನಮ್ಮ ಮೈಯಲ್ಲಿ ನಿಜವಾಗಿಯೂ ನೀಲಿ ರಕ್ತ ಹರಿಯುತ್ತದೆ ಎಂದು ನಂಬಿದವರೂ ಇದ್ದರು. ಆ ನಂಬಿಕೆಯನ್ನು ಅವರಲ್ಲಿ ಬಿತ್ತಿದ್ದು ನಾನು ತೋರಿಸಿದ ಸ್ಲೈಡಿನ ಬಣ್ಣವೇ.

ಈಗ ನಾನು ಪೂರ್ತಿ ಚಿತ್ರವನ್ನು ಮೊದಲಿಗೇ ತೋರಿಸುವುದಿಲ್ಲ. ಹೃದಯದ ಹೊರ ಅಂಚು, ನಡುವಿನ ಗೋಡೆ, ನಾಲ್ಕು ಖಾಲಿ ಕೋಣೆ, ಇಷ್ಟೇ ಪರದೆಯ ಮೇಲಿರುತ್ತದೆ. ರಕ್ತ ಸಾಗುವ ದಾರಿಗೆ ಬಾಣ ಹಾಕಿ, ಪ್ರತಿ ಕೋಣೆಯ ಗೋಡೆ ಎಷ್ಟು ದಪ್ಪವಿರಬಹುದೆಂದು ಯೋಚಿಸಿ ಬರೆಯಿರಿ ಎಂದು ಹೇಳಿ ಐದು ನಿಮಿಷ ಸುಮ್ಮನಿರುತ್ತೇನೆ. ಪಾಠ ಮುಗಿಸುವ ಅವಸರದಲ್ಲಿರುವ ನಮ್ಮಂಥ ಶಿಕ್ಷಕರಿಗೆ ಹೀಗೆ ಸುಮ್ಮನಿರುವುದೇ ಕಷ್ಟದ ಕೆಲಸ.

ಕಳೆದ ವರ್ಷ ಒಬ್ಬ ಹುಡುಗಿ ಎರಡೂ ಹೃತ್ಕುಕ್ಷಿಗಳ, ಅಂದರೆ ರಕ್ತವನ್ನು ಹೊರಕ್ಕೆ ತಳ್ಳುವ ಕೆಳಗಿನ ಎರಡು ಕೋಣೆಗಳ, ಗೋಡೆಯನ್ನು ಒಂದೇ ದಪ್ಪಕ್ಕೆ ಬರೆದಿದ್ದಳು. ತಪ್ಪೆನ್ನದೆ, ‘ಬಲಗಡೆಯ ರಕ್ತ ಎಲ್ಲಿಗೆ ಹೋಗಬೇಕು, ಎಡಗಡೆಯದು ಎಲ್ಲಿಗೆ?’ ಎಂದಷ್ಟೇ ಕೇಳಿದೆ. ಒಂದು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ, ಇನ್ನೊಂದು ಕಾಲ್ಬೆರಳಿನವರೆಗೆ ಎಂದಳು. ಹಾಗೆನ್ನುತ್ತಲೇ ರಬ್ಬರು ತೆಗೆದುಕೊಂಡು ಎಡಗಡೆಯ ಗೆರೆಯನ್ನು ಅಳಿಸಿ, ಗೋಡೆಯನ್ನು ದಪ್ಪವಾಗಿ ಬರೆದಳು. ಆಮೇಲೆ ಪೂರ್ತಿ ಸ್ಲೈಡ್ ತೆರೆದಾಗ, ಎಡ ಹೃತ್ಕುಕ್ಷಿಯ ಗೋಡೆ ಬಲಗಡೆಯದಕ್ಕಿಂತ ಸುಮಾರು ಮೂರು ಪಟ್ಟು ದಪ್ಪವಿರುವುದನ್ನು ಎಲ್ಲರಿಗಿಂತ ಮೊದಲು ಗಮನಿಸಿದವಳು ಅವಳೇ. ಹಿಂದಿನ ವರ್ಷಗಳಲ್ಲಿ ನೂರಾರು ಮಕ್ಕಳು ಅದೇ ಸ್ಲೈಡನ್ನು ನೋಡಿದ್ದರು. ಒಬ್ಬರೂ ಆ ದಪ್ಪದ ಬಗ್ಗೆ ಕೇಳಿರಲಿಲ್ಲ.

ವಿಜ್ಞಾನಿಗಳೂ ಹೀಗೆ ಬರೆದೇ ತಿಳಿದುಕೊಂಡವರು. ಸ್ಪೇನಿನ ಸ್ಯಾಂಟಿಯಾಗೊ ರಮೋನ್ ಇ ಕಹಾಲ್ ಅವರು ಇಟಲಿಯ ಕ್ಯಾಮಿಲ್ಲೊ ಗಾಲ್ಜಿ ರೂಪಿಸಿದ ವಿಧಾನದಿಂದಲೇ ಮಿದುಳಿನ ಅಂಗಾಂಶಕ್ಕೆ ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಸಾವಿರಾರು ಚಿತ್ರಗಳಲ್ಲಿ ಬರೆದಿಟ್ಟರು. ಗಾಲ್ಜಿಯವರಿಗೆ ಎಲ್ಲೂ ಕಡಿಯದ ಬಲೆಯಂತೆ ಕಂಡ ನರಮಂಡಲ, ಗೆರೆ ಗೆರೆಯನ್ನೂ ಹಿಂಬಾಲಿಸಿದ ಕಹಾಲ್ ಅವರಿಗೆ ಬಿಡಿ ಬಿಡಿ ಕೋಶಗಳಾಗಿ ಕಂಡಿತು. 1906ರ ನೊಬೆಲ್ ಇಬ್ಬರಿಗೂ ಸಂದಿತಾದರೂ ಉಳಿದುಕೊಂಡದ್ದು ಕಹಾಲ್ ಅವರ ವಾದ.

ಚಿತ್ರಕಲೆ ಬಾರದ ಮಕ್ಕಳು ಏನು ಮಾಡಬೇಕು ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಅಂದವನ್ನು ನಾನು ಕೇಳುವುದೇ ಇಲ್ಲ; ಬಾಣದ ದಿಕ್ಕು ಸರಿಯಿದ್ದರೆ ಸೊಟ್ಟ ಹೃದಯವೂ ನನಗೆ ಒಪ್ಪಿಗೆ. ಅಂದಕ್ಕೆ ಅಂಕ ಕೊಡುವ ರೂಢಿಯಿಂದಾಗಿಯೇ ಎಷ್ಟೋ ಮಕ್ಕಳು ಪೆನ್ಸಿಲ್ ಹಿಡಿಯಲು ಹೆದರುತ್ತಾರೆಂಬುದು ನನ್ನ ಅನುಭವ.

ಮುಂದಿನ ವಾರ ಮೂತ್ರಪಿಂಡದಲ್ಲಿ ರಕ್ತ ಸೋಸುವ ಸೂಕ್ಷ್ಮ ಘಟಕವಾದ ನೆಫ್ರಾನ್‌ನ ಪಾಠವಿದೆ. ಸ್ಲೈಡಿನಲ್ಲಿದ್ದ ಹೆಸರುಗಳನ್ನೂ ಬಾಣಗಳನ್ನೂ ಈಗಾಗಲೇ ಅಳಿಸಿಟ್ಟಿದ್ದೇನೆ.