ಉಷ್ಣ ಜಾಸ್ತಿ ಆಗದೆ ಕಣಮ್ಮಿ

ಶಿವರಾತ್ರಿ ಕಳೀತು, ಮೈಸೂರಿನ ಗಾಳಿ ಹಪ್ಪಳದ ಥರ ಒಣಗ್ತು, ನಮ್ಮ ಕಾರಿನ ಬಾಗಿಲಿಗೂ ನನಗೂ ಹಗೆ ಶುರುವಾಯ್ತು. ಇವತ್ತು ಬೆಳಿಗ್ಗೆನೂ ಅಷ್ಟೆ, ದೇವರಾಜ ಮಾರ್ಕೆಟ್ ಹತ್ರ ಅಂತೂ ಇಂತೂ ಪಾರ್ಕಿಂಗ್ ಸಿಕ್ಕಿ, ಇಳಿದು ಬಾಗಿಲು ಹಾಕೋಣ ಅಂತ ಕೈ ಇಟ್ರೆ ಚಟ್! ಬೆರಳ ತುದಿ ಇನ್ನೂ ಜುಮ್ ಅಂತಿದೆ. "ಅಮ್ಮಾ" ಅಂತ ಕಿರುಚಿದ್ದಕ್ಕೆ ಪಕ್ಕದ ಹೂವಿನಮ್ಮ ತನ್ನನ್ನೇ ಕರೆದೆ ಅಂದ್ಕೊಂಡು "ಎಷ್ಟು ಮೊಳ ಕೊಡ್ಲವ್ವ" ಅಂದ್ರು.

ಇದನ್ನ ಮನೇಲಿ ಹೇಳೋ ಹಾಗೂ ಇಲ್ಲ. ನಮ್ಮತ್ತೆ ಮದ್ದೂರು ಕಡೆಯವರು, ಅವರ ಲೆಕ್ಕದಲ್ಲಿ ಲೋಕದಲ್ಲಿರೋ ಕಾಯಿಲೆ ಒಂದೇ, ಉಷ್ಣ. ಬಾಯಿ ಹುಣ್ಣಾದ್ರೆ ಉಷ್ಣ, ಕೂದಲು ಉದುರಿದ್ರೆ ಉಷ್ಣ, ಮಗ ಆಫೀಸಲ್ಲಿ ಜಗಳ ಆಡ್ಕೊಂಡು ಬಂದ್ರೂ ಉಷ್ಣ. "ಮೈ ಒಳಗಿಂದ ಹೊಡಿತದೆ ಕಣಮ್ಮಿ" ಅಂತ ನೆತ್ತಿಗೆ ಹರಳೆಣ್ಣೆ ತಟ್ಟಿ, ನೆನೆಸಿಟ್ಟ ಮೆಂತ್ಯ ಮಜ್ಜಿಗೇಲಿ ಹಾಕಿ ಕುಡಿಸಿ, ಎಣ್ಣೆ ಕಿವಿ ಹಿಂದೆ ಇಳೀತಿರೋ ಹಾಗೇ ನನ್ನ ಕೆಲಸಕ್ಕೆ ಕಳಿಸ್ತಾರೆ.

ನಾನೂ ಪಿಯುಸಿ ಸೈನ್ಸ್ ಓದಿದೋಳೇ. ಅತ್ತೆ, ಸೀಟಿಗೆ ಚೂಡಿದಾರ ಉಜ್ಜಿ ಎದ್ದಾಗ ಮೈಮೇಲೆ ಚಾರ್ಜ್ ಉಳ್ಕೊಳ್ಳುತ್ತೆ, ಚಪ್ಪಲಿಯ ರಬ್ಬರ್ ಸೋಲ್ ಅದನ್ನ ನೆಲಕ್ಕೆ ಇಳಿಯೋಕೆ ಬಿಡಲ್ಲ, ಕೈ ಹತ್ರ ಹೋದ ತಕ್ಷಣ ಬಾಗಿಲ ತಗಡಲ್ಲಿರೋ ಎಲೆಕ್ಟ್ರಾನುಗಳು ಸರಿದಾಡಿ ವಿರುದ್ಧ ಚಾರ್ಜು ನನ್ನ ಬೆರಳಿನ ಎದುರಿಗೇ ಬಂದು ನಿಲ್ಲುತ್ತೆ, ಇದಕ್ಕೇ ಇಂಡಕ್ಷನ್ ಅನ್ನೋದು, ಆಮೇಲೆ ಇನ್ನೂ ಮುಟ್ಟೇ ಇರಲ್ಲ, ಗಾಳಿ ಸೀಳ್ಕೊಂಡು ಕಿಡಿ ಹಾರುತ್ತೆ, ಒಂದು ಮಿಲಿಮೀಟರ್ ಹಾರೋಕೆ ಸುಮಾರು 3000 ವೋಲ್ಟ್ ಬೇಕು, ಚಾರ್ಜ್ ಚೂರೇ ಚೂರು ಇರೋದ್ರಿಂದ ಬದುಕಿದೀನಿ ಅಂತ ಒಂದೇ ಉಸಿರಲ್ಲಿ ಹೇಳಿದೆ. ಸೊಪ್ಪು ಬಿಡಿಸ್ತಾ ಪೂರ್ತಿ ಕೇಳಿಸ್ಕೊಂಡ್ರು. "ಮೂರು ಸಾವ್ರಾನಾ? ಇನ್ನೆಷ್ಟು ಉಷ್ಣ ಇರ್ಬೇಡ!"

ತಮಗೆ ಹೊಡೆಯಲ್ವಲ್ಲ ಅನ್ನೋದೇ ಅವರ ಸಾಕ್ಷಿ. ಕಾಟನ್ ಸೀರೆ ಉಟ್ಟು ಬರಿಗಾಲಲ್ಲಿ ಓಡಾಡೋರಿಗೆ ಎಲ್ಲಿಂದ ಹೊಡೆಯುತ್ತೆ, ಬಂದಿದ್ದು ಬಂದ ಹಾಗೇ ಕಾಲಲ್ಲಿ ಇಳಿದು ಹೋಗುತ್ತೆ.

ಹೋದ ಸೋಮವಾರ ನಂಜನಗೂಡಿಗೆ ಹೊರಟಾಗ ಮಾತ್ರ ಯಾರೋ ಕೊಟ್ಟ ಸಿಂಥೆಟಿಕ್ ಸೀರೆ, ಹೊಸ ರಬ್ಬರ್ ಚಪ್ಪಲಿ. ನಾನು ಏನೂ ಹೇಳ್ಲಿಲ್ಲ. ದೇವಸ್ಥಾನದ ಹತ್ರ ಇಳಿದ್ರು, ಸೆರಗು ಸರಿ ಮಾಡ್ಕೊಂಡ್ರು, ಬಾಗಿಲಿಗೆ ಕೈ ಹಾಕಿದ್ರು, ಚಟ್! "ಅಯ್ಯೋ ನಂಜುಂಡಪ್ಪಾ!" ಕೈ ಕೊಡವ್ಕೊಂಡು ಒಂದ್ಸಲ ಬಾಗಿಲು ನೋಡಿದ್ರು, ಒಂದ್ಸಲ ನನ್ನ ನೋಡಿದ್ರು. ಈಗಲಾದ್ರೂ ಒಪ್ಕೋತಾರೆ ಅಂತ ನಾನು ಕಾಯ್ತಾ ಇದ್ರೆ, "ನಿನ್ ಉಷ್ಣ ಕಾರ್ಗೂ ತಗುಲ್ಕೊಂಡದೆ ಕಣಮ್ಮಿ" ಅಂದ್ಬಿಟ್ರು. ನಮ್ಮನೆಯವರು ನಗು ತಡೀಲಾರದೆ ಸ್ಟೀರಿಂಗ್ ಮೇಲೆ ತಲೆ ಇಟ್ರು, ಹಾರ್ನ್ ಬಡ್ಕೊಳ್ತು.

ಚಿಕ್ಕವರಿದ್ದಾಗ ಬೇಸಿಗೆ ರಜೆ ಪೂರ್ತಿ ಅಜ್ಜಿ ಮನೆಯ ಸಗಣಿ ಸಾರಿಸಿದ ನೆಲದ ಮೇಲೆ ಬರಿಗಾಲಲ್ಲೇ ಬಿದ್ದಿರ್ತಿದ್ವಿ, ಹೀಗೆ ಯಾವುದೂ ಹೊಡೆದ ನೆನಪಿಲ್ಲ. ಈಗ ಅಡುಗೆಮನೇಲೂ ಚಪ್ಪಲಿ.

ಇಳಿಯೋವಾಗ ಲಾಕಿನ ಹತ್ರ ಇರೋ ಪೇಂಟಿಲ್ಲದ ತಗಡು ಹಿಡ್ಕೊಂಡೇ ಕಾಲು ಕೆಳಗಿಟ್ರೆ ಚಾರ್ಜ್ ಸದ್ದಿಲ್ಲದೆ ಇಳಿಯುತ್ತೆ, ಇಲ್ಲಾಂದ್ರೆ ಮೊದಲು ಕಾರಿನ ಕೀ ತಾಗಿಸಿದ್ರೂ ಆಯ್ತು, ಕಿಡಿ ಕೀಗೆ ಹೊಡೆಯುತ್ತೆ, ಬೆರಳಿಗೆ ನೋವಾಗಲ್ಲ. ಇಷ್ಟೆಲ್ಲಾ ಗೊತ್ತು, ಕೈಯಲ್ಲಿ ತರಕಾರಿ ಬ್ಯಾಗ್ ಇದ್ದಾಗ ಯಾರಿಗೆ ನೆನಪಿರುತ್ತೆ? ಜೂನಲ್ಲಿ ಮಳೆ ಹಿಡಿದ್ರೆ ಗಾಳಿ ತೇವ ಆಗಿ ಈ ಕಾಟ ತಾನಾಗೇ ನಿಲ್ಲುತ್ತೆ, ಆ ಹೆಸರೂ ಹರಳೆಣ್ಣೆಗೇ ಹೋಗುತ್ತೆ, ನೋಡ್ತಾ ಇರಿ.